ಡ್ರೈವ್-ಇನ್ ಮತ್ತು ಬಿ-ಚಿತ್ರ ಪ್ರೇರಿತ ಸಣ್ಣಕಥೆ

ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಡ್ರೈವ್-ಇನ್ ಚಿತ್ರಮಂದಿರ, ಅಲ್ಲಿ ಹೆಚ್ಚಾಗಿ ಓಡುತ್ತಿದ್ದ ಕಡಿಮೆ ಖರ್ಚಿನ ಬಿ-ಚಿತ್ರ, ಇವೆರಡರಿಂದ ವಸ್ತುವನ್ನೋ ಆವರಣವನ್ನೋ ಹೇಳುವ ರೀತಿಯನ್ನೋ ಪಡೆದ ಅಮೆರಿಕನ್ ಸಣ್ಣಕಥೆಗಳ ಒಂದು ಧಾರೆ. 1980ರ ದಶಕದಲ್ಲಿ ಇದಕ್ಕೆ ಸ್ಪಷ್ಟ ರೂಪ ಬಂತು. ಅಷ್ಟುಹೊತ್ತಿಗೆ ಡ್ರೈವ್-ಇನ್‌ಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಬಾಲ್ಯ ಮತ್ತು ಹರೆಯವನ್ನು ಅವುಗಳ ಪರದೆಯ ಮುಂದೆ ಕಳೆದ ತಲೆಮಾರು ಬರವಣಿಗೆಗೆ ತೊಡಗಿತ್ತು. ಟೆಕ್ಸಸ್‌ನ ಜೋ ಆರ್. ಲ್ಯಾನ್ಸ್‌ಡೇಲ್ ಮತ್ತು ಹೊವರ್ಡ್ ವಾಲ್ಡ್ರಾಪ್, ಮೇನ್ ರಾಜ್ಯದ ಸ್ಟೀಫನ್ ಕಿಂಗ್, ಪ್ರಯೋಗಶೀಲ ಕಥೆಗಾರ ರಾಬರ್ಟ್ ಕೂವರ್ ಈ ಧಾರೆಯ ಮುಖ್ಯರು. ಅಗ್ಗದ ರಾಕ್ಷಸರ ಕಥೆಗಳೆಂದು ಇವನ್ನು ಬದಿಗೆ ಸರಿಸುವವರಿದ್ದಾರೆ. ಆದರೆ ಪರದೆಯ ಮೇಲಿನ ಸುಳ್ಳು ಭಯವನ್ನು ಮುಂದಿಟ್ಟು ಪರದೆಯ ಹೊರಗಿನ ನಿಜ ಭಯವನ್ನು ತೋರಿಸಿದ್ದು ಈ ಧಾರೆಯ ಸಾಧನೆ. ಇಪ್ಪತ್ತನೆಯ ಶತಮಾನದ ಅಮೆರಿಕದ ಜನಸಾಮಾನ್ಯರ ಮನಸ್ಸನ್ನು ಅರಿಯಲು ಇದಕ್ಕಿಂತ ನೇರವಾದ ದಾರಿಗಳು ಹೆಚ್ಚಿಲ್ಲ.

ಡ್ರೈವ್-ಇನ್‌ನ ಹುಟ್ಟು ಮತ್ತು ಹರಡುವಿಕೆ

ಡ್ರೈವ್-ಇನ್‌ಗೆ ರೂಪ ಕೊಟ್ಟವನು ನ್ಯೂಜೆರ್ಸಿಯ ರಿಚರ್ಡ್ ಎಂ. ಹಾಲಿಂಗ್ಸ್‌ಹೆಡ್ ಜೂನಿಯರ್. ಈತನ ಮನೆತನದ್ದು ಕಾರಿಗೆ ಬೇಕಾದ ಸಾಮಗ್ರಿ ತಯಾರಿಸುವ ಉದ್ಯಮ. ತನ್ನ ಮನೆಯ ಅಂಗಳದಲ್ಲಿ ಕಾರಿನ ಬಾನೆಟ್ಟಿನ ಮೇಲೆ ಕೊಡಾಕ್ ಪ್ರೊಜೆಕ್ಟರ್ ಇಟ್ಟು, ಎದುರಿನ ಮರಗಳಿಗೆ ಪರದೆ ಬಿಗಿದು, ಅದರ ಹಿಂದೆ ರೇಡಿಯೋ ಇರಿಸಿ ಈತ ಪ್ರಯೋಗ ನಡೆಸಿದ. ಮಳೆ ಬಂದರೆ ಚಿತ್ರ ಕಾಣುತ್ತದೆಯೇ ಎಂದು ತಿಳಿಯಲು ಹುಲ್ಲಿಗೆ ನೀರು ಚಿಮ್ಮಿಸುವ ಸಾಧನದಿಂದ ಕಾರಿನ ಮೇಲೆ ನೀರೆರಚಿ ನೋಡಿದ. ಮುಂದಿನ ಕಾರು ಹಿಂದಿನವರಿಗೆ ಅಡ್ಡವಾಗುವುದೇ ದೊಡ್ಡ ತೊಡಕಾಗಿತ್ತು. ಕಾರುಗಳ ಮೂತಿ ತುಸು ಮೇಲೆದ್ದು ನಿಲ್ಲುವಂತೆ ಇಳಿಜಾರಿನ ಸಾಲುಗಳನ್ನು ಕಟ್ಟಿ ಅದನ್ನು ಬಗೆಹರಿಸಿದ. ಈ ವಿನ್ಯಾಸಕ್ಕೆ 1933ರ ಮೇ 16ರಂದು ಪೇಟೆಂಟ್ ದೊರೆಯಿತು. ಅದೇ ವರ್ಷ ಜೂನ್ 6ರಂದು ಕ್ಯಾಮ್ಡೆನ್ ಪಟ್ಟಣದ ಹತ್ತಿರ ಮೊದಲ ಡ್ರೈವ್-ಇನ್ ತೆರೆಯಿತು. ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್ ಟಿಕೆಟ್ಟು. ಮರುವರ್ಷ, 1934ರಲ್ಲಿ, ಪೆನ್ಸಿಲ್ವೇನಿಯಾದ ಓರ್‌ಫೀಲ್ಡ್‌ನಲ್ಲಿ ಆರಂಭವಾದ ಶ್ಯಾಂಕ್‌ವೈಲರ್ಸ್ ಇಂದಿಗೂ ನಡೆಯುತ್ತಿರುವ ಅತ್ಯಂತ ಹಳೆಯ ಡ್ರೈವ್-ಇನ್.

ಮೊದಮೊದಲು ಪರದೆಯ ಬಳಿಯ ದೊಡ್ಡ ಧ್ವನಿವರ್ಧಕಗಳಿಂದ ಮಾತು ಕೇಳಿಸುತ್ತಿತ್ತು. ಹಿಂದಿನ ಸಾಲಿಗೆ ಅದು ತಡವಾಗಿ ತಲುಪುತ್ತಿತ್ತು, ಸುತ್ತಲಿನ ಮನೆಗಳವರಿಗೂ ಕಿರಿಕಿರಿ. ಆರ್‌ಸಿಎ ಕಂಪನಿ 1940ರ ದಶಕದಲ್ಲಿ ಕಾರಿನ ಕಿಟಕಿಗೆ ನೇತುಹಾಕುವ ಪುಟ್ಟ ಸ್ಪೀಕರ್ ತಂದಿತು. ಇದರಿಂದ ಡ್ರೈವ್-ಇನ್‌ನ ಸ್ವಭಾವವೇ ಬದಲಾಯಿತು. ನೂರಾರು ಜನ ಒಂದೇ ಚಿತ್ರವನ್ನು ಒಟ್ಟಿಗೆ ನೋಡುತ್ತಿದ್ದರೂ ಒಂದೊಂದು ಕಾರಿನೊಳಗೂ ಅದು ಬೇರೆಯದೇ ಖಾಸಗಿ ಪ್ರದರ್ಶನವಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾರು ಮಧ್ಯಮ ವರ್ಗದ ಕೈಗೆಟುಕಿತು, ಊರಾಚೆಯ ಬಡಾವಣೆಗಳು ಬೆಳೆದವು, ಮನೆ ತುಂಬ ಮಕ್ಕಳಾದರು. 1950ರ ದಶಕದ ಕೊನೆಗೆ ದೇಶದಲ್ಲಿ 4,000ಕ್ಕೂ ಹೆಚ್ಚು ಡ್ರೈವ್-ಇನ್‌ಗಳಿದ್ದವು. ಪರದೆಯ ಕೆಳಗೆ ಮಕ್ಕಳಿಗೆ ಜೋಕಾಲಿ, ಜಾರುಬಂಡೆ. ನಡುವೆ ಪಾಪ್‌ಕಾರ್ನ್ ಮತ್ತು ಹಾಟ್‌ಡಾಗ್ ಮಾರುವ ಕಟ್ಟಡ. ಹಿಂದಿನ ಸಾಲುಗಳಲ್ಲಿ ಹರೆಯದ ಜೋಡಿಗಳು. ದಕ್ಷಿಣದ ರಾಜ್ಯಗಳ ಕೆಲವೆಡೆ ಕಪ್ಪು ಜನರ ಕಾರುಗಳಿಗೆ ಪ್ರತ್ಯೇಕ ಜಾಗವನ್ನೂ ಗುರುತಿಸಿದ್ದರು. ಮುಂದೆ ಬಂದ ಕಥೆಗಳನ್ನು ಓದುವಾಗ ಈ ಕೊನೆಯ ಸಂಗತಿಯನ್ನು ಮರೆಯಬಾರದು.

ಬಿ-ಚಿತ್ರ

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಪ್ರೇಕ್ಷಕರನ್ನು ಸೆಳೆಯಲು ಅಮೆರಿಕದ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸತೊಡಗಿದವು. ಮುಖ್ಯ ಚಿತ್ರದ ಜೊತೆಗೆ ಬರುವ, ಕಡಿಮೆ ಹಣದಲ್ಲಿ ಬೇಗ ಮುಗಿಸಿದ, ಒಂದು ಗಂಟೆಯ ಆಸುಪಾಸಿನ ಎರಡನೆಯ ಚಿತ್ರವೇ ಬಿ-ಚಿತ್ರ. ಮಾನೋಗ್ರಾಮ್, ರಿಪಬ್ಲಿಕ್‌ನಂಥ ಸಣ್ಣ ಸ್ಟುಡಿಯೋಗಳು ಇವನ್ನೇ ನೆಚ್ಚಿದ್ದವು. ದೊಡ್ಡ ಸ್ಟುಡಿಯೋಗಳಲ್ಲೂ ಇದಕ್ಕೆಂದೇ ವಿಭಾಗಗಳಿದ್ದವು. ಆರ್‌ಕೆಓ ಸ್ಟುಡಿಯೋದಲ್ಲಿ ವ್ಯಾಲ್ ಲ್ಯೂಟನ್ ನಿರ್ಮಿಸಿದ 'ಕ್ಯಾಟ್ ಪೀಪಲ್' (1942) ರಾಕ್ಷಸನನ್ನು ತೋರಿಸಲು ಹಣವಿಲ್ಲದ್ದನ್ನೇ ಬಲವಾಗಿಸಿಕೊಂಡು, ನೆರಳು ಮತ್ತು ಸದ್ದಿನಿಂದ ಭಯ ಹುಟ್ಟಿಸಿತು. ಎಡ್ಗರ್ ಜಿ. ಉಲ್ಮರ್‌ನ 'ಡೀಟೂರ್' (1945) ಒಂದು ಕಾರು, ಒಂದೆರಡು ಕೋಣೆ, ಬೆರಳೆಣಿಕೆಯ ನಟರಲ್ಲಿ ಒಬ್ಬ ಮನುಷ್ಯನ ಪತನವನ್ನು ಹೇಳಿತು.

1948ರಲ್ಲಿ ಸುಪ್ರೀಂ ಕೋರ್ಟು ದೊಡ್ಡ ಸ್ಟುಡಿಯೋಗಳ ಏಕಸ್ವಾಮ್ಯವನ್ನು ಮುರಿದ ಮೇಲೆ ಹಳೆಯ ವ್ಯವಸ್ಥೆ ಕುಸಿಯಿತು. ದೊಡ್ಡ ಕಂಪನಿಗಳು ತಮ್ಮ ಹೊಸ ಚಿತ್ರಗಳನ್ನು ಡ್ರೈವ್-ಇನ್‌ಗೆ ಕೊಡಲು ಹಿಂಜರಿಯುತ್ತಿದ್ದವು. ಆ ಜಾಗವನ್ನು ತುಂಬಿದ್ದು ಜೇಮ್ಸ್ ಎಚ್. ನಿಕಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ 1954ರಲ್ಲಿ ಕಟ್ಟಿದ, ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದು ಹೆಸರಾದ ಸಂಸ್ಥೆ. ಇಲ್ಲಿ ಎಷ್ಟೋ ಸಲ ಹೆಸರು ಮತ್ತು ಪೋಸ್ಟರ್ ಮೊದಲು ಸಿದ್ಧವಾಗುತ್ತಿದ್ದವು, ಚಿತ್ರಕಥೆ ಆಮೇಲೆ. ಹರೆಯದವರೇ ಇವರ ಪ್ರೇಕ್ಷಕರು. 'ಐ ವಾಸ್ ಎ ಟೀನೇಜ್ ವೇರ್‌ವುಲ್ಫ್' (1957) ಎಂಬ ಹೆಸರೇ ಅದನ್ನು ಸಾರುತ್ತದೆ. ಇವರ ಜೊತೆ ದುಡಿದ ರೋಜರ್ ಕಾರ್ಮನ್ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್' (1960) ಚಿತ್ರದ ಒಳಾಂಗಣ ದೃಶ್ಯಗಳನ್ನು ಎರಡು ದಿನಗಳಲ್ಲಿ ಚಿತ್ರೀಕರಿಸಿದ. ವಿಲಿಯಂ ಕ್ಯಾಸಲ್ 'ದಿ ಟಿಂಗ್ಲರ್' (1959) ಚಿತ್ರಕ್ಕಾಗಿ ಕೆಲವು ಆಸನಗಳ ಕೆಳಗೆ ಅದುರುವ ಯಂತ್ರ ಅಳವಡಿಸಿದ. ಅಣುಬಾಂಬಿನ ಪರೀಕ್ಷೆಯಿಂದ ದೈತ್ಯಾಕಾರ ತಾಳಿದ ಇರುವೆಗಳ 'ದೆಮ್!' (1954), ಆಕಾಶದಿಂದ ಬಿದ್ದ ಲೋಳೆ ಊರನ್ನೇ ನುಂಗುವ 'ದಿ ಬ್ಲಾಬ್' (1958) ಶೀತಲ ಸಮರದ ಆತಂಕವನ್ನು ಬಾಲಿಶವೆನಿಸುವ ರೂಪದಲ್ಲಿ, ಆದರೆ ಮರೆಯಲಾಗದಂತೆ, ಪರದೆಗೆ ತಂದವು.

ಕಥೆಯಿಂದ ಪರದೆಗೆ

ಬಿ-ಚಿತ್ರಗಳ ಕಚ್ಚಾವಸ್ತುವಿನ ದೊಡ್ಡ ಪಾಲು ಬಂದದ್ದೇ ಸಣ್ಣಕಥೆಯಿಂದ. 1923ರಲ್ಲಿ 'ವಿಯರ್ಡ್ ಟೇಲ್ಸ್', 1926ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಆರಂಭವಾದ ಬಳಿಕ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಕಥಾಪತ್ರಿಕೆಗಳು ರಾಕ್ಷಸ, ಅನ್ಯಗ್ರಹ, ಹುಚ್ಚು ವಿಜ್ಞಾನಿಗಳ ಒಂದು ಲೋಕವನ್ನೇ ಕಟ್ಟಿದ್ದವು. ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್‌ನ 'ಹೂ ಗೋಸ್ ದೇರ್?' (1938) 1951ರಲ್ಲಿ 'ದಿ ಥಿಂಗ್ ಫ್ರಮ್ ಅನದರ್ ವರ್ಲ್ಡ್' ಚಿತ್ರವಾಯಿತು. ಹ್ಯಾರಿ ಬೇಟ್ಸ್‌ನ 'ಫೇರ್‌ವೆಲ್ ಟು ದಿ ಮಾಸ್ಟರ್' (1940) ಸಹ 1951ರಲ್ಲೇ 'ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್' ಆಗಿ ಬಂತು. ದೀಪಸ್ತಂಭದ ಕೂಗನ್ನು ತನ್ನ ಕುಲದ ಕರೆಯೆಂದು ತಿಳಿದು ಬರುವ ಕೊನೆಯ ಡೈನೋಸಾರ್ ಬಗ್ಗೆ ರೇ ಬ್ರಾಡ್‌ಬರಿ 1951ರಲ್ಲಿ ಬರೆದ ಕಥೆ 'ದಿ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್' (1953) ಚಿತ್ರಕ್ಕೆ ಬೀಜವಾಯಿತು. ಅದರ ಪ್ರಾಣಿಗೆ ಚಲನೆ ಕೊಟ್ಟವನು ಬ್ರಾಡ್‌ಬರಿಯ ಹಳೆಯ ಗೆಳೆಯ ರೇ ಹ್ಯಾರಿಹೌಸನ್. ಜಾರ್ಜ್ ಲ್ಯಾಂಗೆಲಾನ್ 1957ರಲ್ಲಿ 'ಪ್ಲೇಬಾಯ್' ಪತ್ರಿಕೆಗೆ ಬರೆದ 'ದಿ ಫ್ಲೈ' ಮರುವರ್ಷವೇ ಪರದೆಗೆ ಬಂತು. 1960ರಿಂದ ಕಾರ್ಮನ್ ಎಡ್ಗರ್ ಅಲನ್ ಪೋನ ಕಥೆಗಳನ್ನು ಸಾಲಾಗಿ ಚಿತ್ರ ಮಾಡಿದ. ಹಲವಕ್ಕೆ ಚಿತ್ರಕಥೆ ಬರೆದವನು ಸ್ವತಃ ಒಳ್ಳೆಯ ಸಣ್ಣಕಥೆಗಾರನಾದ ರಿಚರ್ಡ್ ಮ್ಯಾಥೆಸನ್. ಹತ್ತೊಂಬತ್ತನೆಯ ಶತಮಾನದ ಪೋ ಡ್ರೈವ್-ಇನ್‌ನ ಹರೆಯದವರಿಗೆ ಪರಿಚಯವಾದದ್ದು ಹೀಗೆ.

ಇದು ಆಕಸ್ಮಿಕವಲ್ಲ. ಎರಡೂ ಪ್ರಕಾರಗಳ ಮಿತಿ ಒಂದೇ ಬಗೆಯದು. ಸಣ್ಣಕಥೆಗಿರುವುದು ಕೆಲವೇ ಪುಟ. ಬಿ-ಚಿತ್ರಕ್ಕಿರುವುದು ಕೆಲವೇ ದಿನ, ಕೆಲವೇ ನಟರು, ಎರಡು ಮೂರು ಸೆಟ್ಟು. ಒಂದು ಗಟ್ಟಿಯಾದ ಕಲ್ಪನೆಯನ್ನು ಹಿಡಿದು, ಪೀಠಿಕೆಯಿಲ್ಲದೆ ಆರಂಭಿಸಿ, ಅದನ್ನು ತುದಿಯವರೆಗೆ ಕೊಂಡೊಯ್ಯುವುದೇ ಎರಡಕ್ಕೂ ಉಳಿದಿರುವ ದಾರಿ.

ಪರದೆಯಿಂದ ಮರಳಿ ಕಥೆಗೆ

1966ರ ಕಾಯ್ದೆಯ ಮೂಲಕ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ದೇಶದ ಬಹುಭಾಗಕ್ಕೆ ಹರಡಿತು. ಕತ್ತಲಾಗದೆ ಡ್ರೈವ್-ಇನ್‌ನಲ್ಲಿ ಚಿತ್ರ ಆರಂಭಿಸುವಂತಿಲ್ಲ. ಪ್ರದರ್ಶನ ತಡವಾಗಿ, ಮಕ್ಕಳೊಂದಿಗೆ ಬರುವ ಕುಟುಂಬಗಳು ಕಡಿಮೆಯಾದವು. ಟಿವಿ, ಏರಿದ ಜಮೀನಿನ ಬೆಲೆ, ಆಮೇಲೆ ವಿಡಿಯೋ ಕ್ಯಾಸೆಟ್ಟು ಉಳಿದ ಪೆಟ್ಟು ಕೊಟ್ಟವು. ಈ ಇಳಿಗಾಲದಲ್ಲೇ ಡ್ರೈವ್-ಇನ್ ತನ್ನನ್ನು ತಾನೇ ಕಥೆಯಾಗಿಸಿಕೊಳ್ಳತೊಡಗಿತು. ಪೀಟರ್ ಬಾಗ್ಡನೊವಿಚ್‌ನ ಚಿತ್ರ 'ಟಾರ್ಗೆಟ್ಸ್' (1968) ಇದರ ಮುನ್ಸೂಚನೆ. ಅದರಲ್ಲಿ ವೃದ್ಧ ಭಯಾನಕ ನಟನಾಗಿ ಬೋರಿಸ್ ಕಾರ್ಲಾಫ್ ಅಭಿನಯಿಸಿದ್ದಾನೆ. ಆತನ ಚಿತ್ರವೊಂದು ಡ್ರೈವ್-ಇನ್‌ನಲ್ಲಿ ಓಡುತ್ತಿರುವಾಗ ಸಾಧಾರಣನಂತೆ ಕಾಣುವ ಯುವಕನೊಬ್ಬ ಪರದೆಯ ಹಿಂದೆ ಅಡಗಿ ಪ್ರೇಕ್ಷಕರತ್ತ ಗುಂಡು ಹಾರಿಸುತ್ತಾನೆ. ಪರದೆಯ ಭೂತಕ್ಕಿಂತ ಅದರ ಹಿಂದೆ ಕುಳಿತ ಮನುಷ್ಯ ಭೀಕರ ಎಂಬ ಈ ತಿಳಿವು ಮುಂದಿನ ಕಥೆಗಳಿಗೆ ಅಡಿಗಲ್ಲಾಯಿತು.

ಅದೇ ವರ್ಷ ಪಿಟ್ಸ್‌ಬರ್ಗ್‌ನ ಜಾರ್ಜ್ ರೊಮೆರೊ ಅತಿ ಕಡಿಮೆ ಹಣದಲ್ಲಿ ಮಾಡಿದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಬಂತು. ಸತ್ತವರು ಎದ್ದು ಬದುಕಿದವರನ್ನು ತಿನ್ನುವ ಈ ಚಿತ್ರದ ನಾಯಕ ಡ್ವೇನ್ ಜೋನ್ಸ್ ಎಂಬ ಕಪ್ಪು ನಟ. ಮ್ಯಾಥೆಸನ್‌ನ ಕಾದಂಬರಿಯಿಂದ ತನಗೆ ಪ್ರೇರಣೆ ಸಿಕ್ಕಿತೆಂದು ರೊಮೆರೊ ಹೇಳಿಕೊಂಡಿದ್ದ. ಸಾಹಿತ್ಯದಿಂದ ಹುಟ್ಟಿದ ಈ ಚಿತ್ರ ಮುಂದೆ ನೂರಾರು ಕಥೆಗಳನ್ನು ಹುಟ್ಟಿಸಿತು.

ಸ್ಟೀಫನ್ ಕಿಂಗ್ ತನ್ನ ವಿಮರ್ಶಾಗ್ರಂಥ 'ಡಾನ್ಸ್ ಮಕಾಬ್ರ್' (1981) ಅನ್ನು ಆರಂಭಿಸುವುದು 1957ರ ಅಕ್ಟೋಬರಿನ ಒಂದು ಮಧ್ಯಾಹ್ನದಿಂದ. ಹಾರುತಟ್ಟೆಗಳ ಬಿ-ಚಿತ್ರವೊಂದನ್ನು ನಡುವೆ ನಿಲ್ಲಿಸಿ, ರಷ್ಯನ್ನರು ಸ್ಪುಟ್ನಿಕ್ ಉಡಾಯಿಸಿದ ಸುದ್ದಿಯನ್ನು ಚಿತ್ರಮಂದಿರದಲ್ಲಿ ಮಕ್ಕಳಿಗೆ ತಿಳಿಸಿದ ಗಳಿಗೆ ಅದು. ಈತನ ನೀಳ್ಗತೆ 'ದಿ ಮಿಸ್ಟ್' (1980) ಬಿ-ಚಿತ್ರದ ಅಚ್ಚಿನಲ್ಲೇ ಎರಕಗೊಂಡದ್ದು: ಸೇನೆಯ ಗುಪ್ತ ಪ್ರಯೋಗದ ಶಂಕೆ, ಊರನ್ನು ಮುಚ್ಚುವ ಮಂಜು, ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕಿಬಿದ್ದ ಜನ. ಕಿಟಕಿಗೆ ಸ್ಪೀಕರ್ ನೇತುಹಾಕಿಕೊಂಡು, ಜೊತೆಗಾರರ ಹೆಗಲಮೇಲೆ ಕೈಹಾಕಿ, ಕಪ್ಪುಬಿಳುಪಿನಲ್ಲಿ ನೋಡುತ್ತಿರುವಂತೆ ಅದನ್ನು ಕಲ್ಪಿಸಿಕೊಳ್ಳಬೇಕೆಂದು ಕಿಂಗ್ ಟಿಪ್ಪಣಿ ಬರೆದಿದ್ದಾನೆ. ಆದರೆ ಕಥೆ ಮುಂದುವರಿದಂತೆ ಮಂಜಿನೊಳಗಿನ ಪ್ರಾಣಿಗಳಿಗಿಂತ ಅಂಗಡಿಯೊಳಗೆ ಬಲಿಗಾಗಿ ಹಾತೊರೆಯುವ ಜನರ ಗುಂಪೇ ಹೆಚ್ಚು ದಿಗಿಲು ಹುಟ್ಟಿಸುತ್ತದೆ.

ಜೋ ಆರ್. ಲ್ಯಾನ್ಸ್‌ಡೇಲ್

ಈ ಧಾರೆಯ ಅತಿ ಸಮರ್ಥ ಲೇಖಕ 1951ರಲ್ಲಿ ಪೂರ್ವ ಟೆಕ್ಸಸ್‌ನ ಗ್ಲೇಡ್‌ವಾಟರ್‌ನಲ್ಲಿ ಹುಟ್ಟಿದ ಲ್ಯಾನ್ಸ್‌ಡೇಲ್. ಕಾದಂಬರಿ 'ದಿ ಡ್ರೈವ್-ಇನ್' (1988) ಈತನ ಹೆಸರನ್ನು ಎಲ್ಲೆಡೆಗೆ ಒಯ್ದಿತು. ಆರ್ಬಿಟ್ ಎಂಬ ದೈತ್ಯ ಡ್ರೈವ್-ಇನ್‌ನಲ್ಲಿ ರಾತ್ರಿಯಿಡೀ ಭಯಾನಕ ಚಿತ್ರಗಳ ಪ್ರದರ್ಶನ. ಒಂದು ಧೂಮಕೇತು ಹಾದುಹೋದ ಬಳಿಕ ಕಪ್ಪು ಗೋಡೆಯಂಥ ಕತ್ತಲೆ ಸುತ್ತುವರಿದು, ಯಾರೂ ಹೊರಗೆ ಹೋಗಲಾಗದಂತಾಗುತ್ತದೆ. ಅದೇ ಚಿತ್ರಗಳು ಮತ್ತೆ ಮತ್ತೆ ಓಡುತ್ತವೆ. ತಿನ್ನಲು ಪಾಪ್‌ಕಾರ್ನ್ ಮತ್ತು ಮಿಠಾಯಿ ಮಾತ್ರ. ಹಸಿವು ಕಾಡಿದಂತೆ ನಾಗರಿಕತೆ ಪದರಪದರವಾಗಿ ಕಳಚುತ್ತದೆ. ಪ್ರೇಕ್ಷಕರು ತಾವು ನೋಡುತ್ತಿದ್ದ ಚಿತ್ರಗಳ ಪಾತ್ರಗಳಂತೆಯೇ ಆಗುತ್ತಾರೆ. ಈ ಕಥಾನಕ 1989 ಮತ್ತು 2005ರಲ್ಲಿ ಎರಡು ಭಾಗಗಳಲ್ಲಿ ಮುಂದುವರಿಯಿತು.

ಸಣ್ಣಕಥೆಯಲ್ಲಿ ಈತನ ಸಾಧನೆ ಇನ್ನೂ ದೊಡ್ಡದು. ಬ್ರಾಮ್ ಸ್ಟೋಕರ್ ಪ್ರಶಸ್ತಿ ಪಡೆದ 'ನೈಟ್ ದೇ ಮಿಸ್ಡ್ ದಿ ಹಾರರ್ ಶೋ' (1988) ಈ ಇಡೀ ಧಾರೆಯ ಶಿಖರ. ಪೂರ್ವ ಟೆಕ್ಸಸ್‌ನ ಇಬ್ಬರು ಬಿಳಿಯ ಹುಡುಗರು ಡ್ರೈವ್-ಇನ್‌ಗೆ ಹೋಗದೆ ಉಳಿಯುತ್ತಾರೆ. ಅಂದಿನ ಚಿತ್ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಅದರ ನಾಯಕ ಕಪ್ಪು ಮನುಷ್ಯ ಎಂಬುದೇ ಕಾರಣ. ಹೊತ್ತು ಕಳೆಯಲು ಅಲೆಯುತ್ತ ಅವರು ಜನಾಂಗದ್ವೇಷದ ಕಟ್ಟಕಡೆಯ ಕ್ರೌರ್ಯಕ್ಕೆ ಎದುರಾಗುತ್ತಾರೆ. ಅವರ ಸಣ್ಣ ದ್ವೇಷವೂ ಎದುರಾದ ದೊಡ್ಡ ದ್ವೇಷವೂ ಒಂದೇ ಬೇರಿನವು ಎಂಬುದನ್ನು ಲ್ಯಾನ್ಸ್‌ಡೇಲ್ ಒಂದು ಮಾತಿನ ಉಪದೇಶವೂ ಇಲ್ಲದೆ ಕಾಣಿಸುತ್ತಾನೆ. ಕಥೆಯಲ್ಲಿ ಭೂತವಿಲ್ಲ, ಪ್ರೇತವಿಲ್ಲ. ನೋಡದೆ ಬಿಟ್ಟ ಆ ಸಿನಿಮಾವೇ ಅವರಿಗೆ ಸಿಗಬಹುದಾಗಿದ್ದ ಅತ್ಯಂತ ಸುರಕ್ಷಿತ ಜಾಗವಾಗಿತ್ತು ಎಂಬ ಅರಿವು ಓದುಗನನ್ನು ಬಹುಕಾಲ ಬಿಡದು.

ಮುದುಕರ ಆಶ್ರಯಧಾಮವೊಂದರಲ್ಲಿ ತಾನೇ ಎಲ್ವಿಸ್ ಪ್ರೀಸ್ಲಿ ಎನ್ನುವ ಮುದುಕ ಮತ್ತು ತಾನು ಅಧ್ಯಕ್ಷ ಕೆನಡಿ ಎನ್ನುವ ಕಪ್ಪು ಮುದುಕ ಸೇರಿ ಈಜಿಪ್ಟಿನ ಮಮ್ಮಿಯೊಂದನ್ನು ಎದುರಿಸುವ 'ಬಬ್ಬಾ ಹೋ-ಟೆಪ್' (1994) ಈತನ ಇನ್ನೊಂದು ಪ್ರಸಿದ್ಧ ಕಥೆ. ವಸ್ತು ಬಿ-ಚಿತ್ರದ್ದೇ. ಆದರೆ ಕಥೆಯ ಒಡಲಲ್ಲಿರುವುದು ಮುಪ್ಪು, ಒಂಟಿತನ, ಕೊನೆಗಾಲದಲ್ಲೂ ಮರ್ಯಾದೆಯಿಂದ ನಿಲ್ಲುವ ಹಂಬಲ. 2002ರಲ್ಲಿ ಡಾನ್ ಕಾಸ್ಕರೆಲಿ ಇದನ್ನು ಚಿತ್ರ ಮಾಡಿದ.

ವಾಲ್ಡ್ರಾಪ್, ಕೂವರ್ ಮತ್ತು ಇತರರು

ಹೊವರ್ಡ್ ವಾಲ್ಡ್ರಾಪ್ (1946–2024) ಹಳೆಯ ಚಿತ್ರಗಳ ಅಪಾರ ಜ್ಞಾನವನ್ನು ಸಣ್ಣಕಥೆಯಲ್ಲಿ ಹೆಣೆದ ಅಪರೂಪದ ಲೇಖಕ. 'ಆಲ್ ಅಬೌಟ್ ಸ್ಟ್ರೇಂಜ್ ಮಾನ್‌ಸ್ಟರ್ಸ್ ಆಫ್ ದಿ ರೀಸೆಂಟ್ ಪಾಸ್ಟ್' ಕಥೆಯಲ್ಲಿ 1950ರ ದಶಕದ ಚಿತ್ರಗಳ ರಾಕ್ಷಸರೆಲ್ಲ ನಿಜವಾಗಿಯೇ ಬಂದಿಳಿದು ಜಗತ್ತನ್ನು ಹಾಳುಗೆಡವುತ್ತಾರೆ. ಬಾಲ್ಯದಲ್ಲಿ ಅವರನ್ನು ಪ್ರೀತಿಸಿದ ತಲೆಮಾರು ಈಗ ಅವರ ಕೈಯಲ್ಲೇ ಸಾಯಬೇಕಾದ ಸಂಕಟ ಅದರಲ್ಲಿದೆ. 'ನೈಟ್ ಆಫ್ ದಿ ಕೂಟರ್ಸ್' (1987) ಎಚ್.ಜಿ. ವೆಲ್ಸ್‌ನ ಮಂಗಳವಾಸಿಗಳನ್ನು ಟೆಕ್ಸಸ್‌ನ ಹಳ್ಳಿಯೊಂದರಲ್ಲಿ ಇಳಿಸಿ, ಅಲ್ಲಿನ ಶೆರಿಫ್‌ನ ಎದುರು ನಿಲ್ಲಿಸುತ್ತದೆ.

ರಾಬರ್ಟ್ ಕೂವರ್‌ನ 'ಎ ನೈಟ್ ಅಟ್ ದಿ ಮೂವೀಸ್' (1987) ಇಡೀ ಸಂಕಲನವನ್ನೇ ಹಳೆಯ ಸಿನಿಮಾ ಪ್ರದರ್ಶನದ ಕ್ರಮದಲ್ಲಿ ಜೋಡಿಸಿದೆ: ಮುಂಬರುವ ಚಿತ್ರಗಳ ತುಣುಕು, ಧಾರಾವಾಹಿ, ಕಾರ್ಟೂನು, ಮಧ್ಯಂತರ, ಪ್ರಣಯಚಿತ್ರ. ಕೂವರ್‌ನ ನೆಲೆ ಡ್ರೈವ್-ಇನ್ ಅಲ್ಲ, ನಗರದ ಹಳೆಯ ಚಿತ್ರಮಂದಿರ. ಆದರೂ ಚಿತ್ರಗಳು ಒಂದಕ್ಕೊಂದು ಸೋರಿಹೋಗುವ ಆತನ ಕಥನತಂತ್ರ ಈ ಧಾರೆಗೆ ಸಾಹಿತ್ಯಿಕ ಗೌರವ ತಂದಿತು. ಮುಂದಿನ ತಲೆಮಾರಿನ ಜೋ ಹಿಲ್‌ನ 2005ರ ಸಂಕಲನ '20ತ್ ಸೆಂಚುರಿ ಘೋಸ್ಟ್ಸ್'ನಲ್ಲಿ ಚಿತ್ರಮಂದಿರವನ್ನು ಬಿಟ್ಟುಹೋಗದ ಹುಡುಗಿಯ ಪ್ರೇತದ ಕಥೆಯಿದೆ. ರೊಮೆರೊನ ಇನ್ನೊಂದು ಚಿತ್ರದ ಚಿತ್ರೀಕರಣದಲ್ಲಿ, ಹೆಣದ ವೇಷ ಹಾಕಿದ ಸಹನಟರಾಗಿ ಮತ್ತೆ ಭೇಟಿಯಾಗುವ ಹಳೆಯ ಪ್ರೇಮಿಗಳ ಕಥೆಯೂ ಇದೆ. ಈ ಎರಡನೆಯದರಲ್ಲಿ ಭಯವೇ ಇಲ್ಲ. ಕೈಗೂಡದ ಬಾಳಿನ ಬಗೆಗಿನ ಮೃದುವಾದ ವಿಷಾದವಿದೆ.

ಸಂಕಲನಗಳು

ಬಿಡಿಕಥೆಗಳನ್ನು ಒಂದು ಧಾರೆಯಾಗಿ ಕೂಡಿಸಿದ್ದು ಸಂಕಲನಗಳು. ಡೇವಿಡ್ ಜೆ. ಶೋ ಸಂಪಾದಿಸಿದ 'ಸಿಲ್ವರ್ ಸ್ಕ್ರೀಮ್' (1988) ಸಿನಿಮಾವನ್ನೇ ವಸ್ತುವಾಗಿಸಿದ ಭಯಾನಕ ಕಥೆಗಳ ಸಂಗ್ರಹ. ಲ್ಯಾನ್ಸ್‌ಡೇಲ್‌ನ 'ನೈಟ್ ದೇ ಮಿಸ್ಡ್ ದಿ ಹಾರರ್ ಶೋ' ಮೊದಲು ಅಚ್ಚಾದದ್ದು ಇದರಲ್ಲೇ. ಧಾರಾವಾಹಿ ಚಿತ್ರಗಳ ಮರೆತುಹೋದ ನಾಯಕನಟನೊಬ್ಬ ಮುಪ್ಪಿನಲ್ಲಿ ಮತ್ತೆ ವೇಷ ತೊಡುವ ರಾಬರ್ಟ್ ಮೆಕ್ಯಾಮನ್‌ನ 'ನೈಟ್ ಕಾಲ್ಸ್ ದಿ ಗ್ರೀನ್ ಫಾಲ್ಕನ್' ಸಹ ಇಲ್ಲಿದೆ. ಜಾನ್ ಸ್ಕಿಪ್ ಮತ್ತು ಕ್ರೇಗ್ ಸ್ಪೆಕ್ಟರ್ ಹೊರತಂದ 'ಬುಕ್ ಆಫ್ ದಿ ಡೆಡ್' (1989) ರೊಮೆರೊನ ಸತ್ತವರ ಲೋಕವನ್ನು ಹಲವು ಕಥೆಗಾರರಿಗೆ ಹಂಚಿಕೊಟ್ಟಿತು. ನಾರ್ಮನ್ ಪಾರ್ಟ್ರಿಜ್ ಮತ್ತು ಮಾರ್ಟಿನ್ ಎಚ್. ಗ್ರೀನ್‌ಬರ್ಗ್ ಸಂಪಾದಿಸಿದ 'ಇಟ್ ಕೇಮ್ ಫ್ರಮ್ ದಿ ಡ್ರೈವ್-ಇನ್' (1996) ಹೆಸರಿನಿಂದಲೇ ತನ್ನ ಕುಲವನ್ನು ಘೋಷಿಸುತ್ತದೆ. ಎಲೆನ್ ಡ್ಯಾಟ್ಲೊ ಸಂಪಾದಿಸಿದ 'ದಿ ಕಟಿಂಗ್ ರೂಮ್' (2014) ಮತ್ತು 'ಫೈನಲ್ ಕಟ್ಸ್' (2020) ಈ ಪರಂಪರೆಯನ್ನು ಹೊಸ ಶತಮಾನಕ್ಕೆ ತಂದಿವೆ.

ಕಥನ ಲಕ್ಷಣಗಳು

ಈ ಕಥೆಗಳಲ್ಲಿ ಸ್ಥಳವೇ ಒಂದು ಪಾತ್ರ. ತೆರೆದ ಬಯಲಿನಲ್ಲಿದ್ದೂ ಕಾರಿನ ಗಾಜಿನೊಳಗೆ ಮುಚ್ಚಿಕೊಂಡ ಪ್ರೇಕ್ಷಕ, ಸಾವಿರ ಜನರ ನಡುವೆಯೂ ಒಬ್ಬಂಟಿ. ಎದುರಿನ ಪರದೆ ಬೆಳಗುತ್ತದೆ, ಬೆನ್ನ ಹಿಂದೆ ಕತ್ತಲು. ಭಯಾನಕ ಕಥೆಗೆ ಬೇಕಾದ ಎಲ್ಲವೂ ಇದೇ ನೆಲದಲ್ಲಿದೆ. ಕಾಲ ಹೆಚ್ಚಾಗಿ ಒಂದು ರಾತ್ರಿಗೆ ಸೀಮಿತ. ಮುಸ್ಸಂಜೆಗೆ ಆರಂಭವಾಗಿ ಬೆಳಗಿನೊಳಗೆ ಮುಗಿಯಬೇಕೆಂಬ ಒತ್ತಡ ಕಥೆಗೆ ಬಿಗಿ ಕೊಡುತ್ತದೆ. ಭಾಷೆ ಆಡುನುಡಿಗೆ ಹತ್ತಿರ. ನಿರೂಪಕರು ಹೆಚ್ಚಾಗಿ ಸಣ್ಣ ಊರಿನ ಹರೆಯದವರು, ದುಡಿಯುವ ವರ್ಗದವರು. ರಾಕ್ಷಸ ನಂಬಲಾಗದಷ್ಟು ಉತ್ಪ್ರೇಕ್ಷಿತ, ಮನುಷ್ಯರು ನಂಬಲೇಬೇಕಾದಷ್ಟು ಸಹಜ. ಈ ಎರಡರ ತಿಕ್ಕಾಟದಿಂದಲೇ ಕಥೆಯ ಅರ್ಥ ಹುಟ್ಟುತ್ತದೆ.

ಹಳಹಳಿಕೆ ಈ ಧಾರೆಯ ದೊಡ್ಡ ಅಪಾಯ. ಹಳೆಯ ಚಿತ್ರಗಳ ಹೆಸರು ಪಟ್ಟಿ ಮಾಡಿ, ಪರಿಚಿತ ದೃಶ್ಯಗಳನ್ನು ಮರುಕಳಿಸಿ ತೃಪ್ತಿಪಡುವ ಕಥೆಗಳು ಬಹಳಷ್ಟಿವೆ. ರಕ್ತಪಾತವನ್ನೇ ಗುರಿಯಾಗಿಸಿಕೊಂಡವೂ ಇವೆ; ಹೆಣ್ಣನ್ನು ಕಿರುಚುವ ಬಲಿಪಶುವಾಗಿಯೇ ಕಂಡ ಮೂಲ ಚಿತ್ರಗಳ ದೋಷ ಎಷ್ಟೋ ಕಥೆಗಳಿಗೂ ಅಂಟಿಕೊಂಡಿತು. ಕಾಲದಲ್ಲಿ ಉಳಿದವು ಹಳೆಯದನ್ನು ಪ್ರೀತಿಸುತ್ತಲೇ ಪ್ರಶ್ನಿಸಿದವು. ಡ್ರೈವ್-ಇನ್‌ನ ಬೆಚ್ಚನೆಯ ನೆನಪಿನಲ್ಲಿ ಯಾರಿಗೆ ಜಾಗವಿತ್ತು, ಯಾರಿಗೆ ಇರಲಿಲ್ಲ ಎಂದು ಕೇಳಿದ್ದೇ ಲ್ಯಾನ್ಸ್‌ಡೇಲ್‌ನ ಹಿರಿಮೆ.

ಭಾರತದಲ್ಲಿ

ಭಾರತದಲ್ಲಿ ಡ್ರೈವ್-ಇನ್ ವ್ಯಾಪಕವಾಗಲಿಲ್ಲ. 1973ರಲ್ಲಿ ತೆರೆದ ಅಹಮದಾಬಾದಿನ ಸನ್‌ಸೆಟ್ ಡ್ರೈವ್-ಇನ್ 665 ಕಾರುಗಳಿಗೆ ಜಾಗವಿರುವ ದೊಡ್ಡ ಬಯಲು; ಅದರಿಂದಾಗಿ ಅಲ್ಲಿನ ರಸ್ತೆಗೇ ಡ್ರೈವ್-ಇನ್ ರಸ್ತೆ ಎಂಬ ಹೆಸರು ಬಂತು. ಚೆನ್ನೈನ ಪೂರ್ವ ಕರಾವಳಿ ರಸ್ತೆಯ ಪ್ರಾರ್ಥನಾ ಇನ್ನೊಂದು ಪ್ರಸಿದ್ಧ ಹೆಸರು. ಕಾರು ಬಹುಜನರ ಕೈಗೆಟುಕದ ದೇಶದಲ್ಲಿ ಬಯಲಿನ ಸಿನಿಮಾ ಅನುಭವವನ್ನು ಕೊಟ್ಟದ್ದು ಟೂರಿಂಗ್ ಟಾಕೀಸ್. ಕಡಿಮೆ ಖರ್ಚಿನ ಭಯಾನಕ ಚಿತ್ರಗಳಿಗೆ ಹಿಂದಿಯಲ್ಲಿ ರಾಮ್ಸೆ ಸಹೋದರರು ಹೆಸರಾದರು. 'ಪುರಾನಾ ಮಂದಿರ್' (1984) ಅವರ ಜನಪ್ರಿಯ ಚಿತ್ರ. ಉಡುಪಿ ಸಮೀಪದ ಉದ್ಯಾವರದಲ್ಲಿ ಹುಟ್ಟಿ, ಕನ್ನಡದಲ್ಲಿ ಚಿತ್ರ ನಿರ್ಮಾಣ ಆರಂಭಿಸಿ, ತೆಲುಗಿನಲ್ಲಿ ಮಾಯಾಮಂತ್ರಗಳ ಜಾನಪದ ಚಿತ್ರಗಳಿಗೆ ಖ್ಯಾತನಾದ ಬಿ. ವಿಠಲಾಚಾರ್ಯ ಇದೇ ಬಗೆಯ ಮಿತವ್ಯಯದ ಕಲ್ಪಕತೆಗೆ ದಕ್ಷಿಣದ ಉದಾಹರಣೆ.

ಇಂದಿನ ಸ್ಥಿತಿ

2010ರ ದಶಕದಲ್ಲಿ ರೀಲು ಹೋಗಿ ಡಿಜಿಟಲ್ ಪ್ರದರ್ಶನ ಬಂದಾಗ ದುಬಾರಿ ಪ್ರೊಜೆಕ್ಟರ್ ಕೊಳ್ಳಲಾಗದೆ ಅಮೆರಿಕದ ಹಲವು ಡ್ರೈವ್-ಇನ್‌ಗಳು ಮುಚ್ಚಿದವು. 2020ರ ಕೊರೋನಾ ಕಾಲದಲ್ಲಿ ಒಳಾಂಗಣ ಚಿತ್ರಮಂದಿರಗಳಿಗೆ ಬೀಗ ಬಿದ್ದಾಗ, ಒಬ್ಬರನ್ನೊಬ್ಬರು ಮುಟ್ಟದೆ ಒಟ್ಟಿಗೆ ಸಿನಿಮಾ ನೋಡಬಹುದಾದ ತಾಣವಾಗಿ, ಉಳಿದಿದ್ದ ಡ್ರೈವ್-ಇನ್‌ಗಳು ಮರಳಿ ತುಂಬಿದವು. ಮುಂಬಯಿಯಲ್ಲಿ 2021ರಲ್ಲಿ ಮಾಲ್ ಒಂದರ ಮಾಳಿಗೆಯ ಮೇಲೆ ಹೊಸ ಡ್ರೈವ್-ಇನ್ ಆರಂಭವಾಯಿತು. ಕಥೆಯ ಧಾರೆಯೂ ನಿಂತಿಲ್ಲ. ಸಣ್ಣ ಪ್ರಕಾಶನಗಳೂ ಭಯಾನಕ ಕಥೆಗಳ ಸಂಕಲನಗಳೂ ಅದನ್ನು ನಡೆಸುತ್ತಿವೆ. ಅಣುಬಾಂಬಿನ ಭಯ, ಜನಾಂಗದ್ವೇಷ, ಮುಪ್ಪು, ಹಸಿವು ಇವಾವುವೂ 1950ರ ದಶಕಕ್ಕೆ ಮೀಸಲಾದ ಸಂಗತಿಗಳಲ್ಲ. ರಬ್ಬರ್ ವೇಷದ ರಾಕ್ಷಸನ ಮೂಲಕ ಅವನ್ನು ಸರಳವಾಗಿ, ಎಲ್ಲರಿಗೂ ತಿಳಿಯುವಂತೆ ಹೇಳಬಹುದೆಂದು ತೋರಿಸಿಕೊಟ್ಟ ಈ ಕಥೆಗಳಿಗೆ ಅಮೆರಿಕನ್ ಸಣ್ಣಕಥೆಯ ಚರಿತ್ರೆಯಲ್ಲಿ ಅಂಚಿನ ಟಿಪ್ಪಣಿಗಿಂತ ದೊಡ್ಡ ಜಾಗ ಸಲ್ಲಬೇಕು.